ನಕ್ಷತ್ರದ ಬಾಡಿಗೆ ಮನೆ

ಬಳ್ಳಾರಿಯಂಥ ಊರಿನಲ್ಲಿ ಸ್ವಂತ ಮನೆಯಿದ್ದೂ ಬಾಡಿಗೆ ಮನೆ ಹುಡುಕಿಕೊಂಡು ಬಿಸಿಲಲ್ಲಿ ಅಲೆದವನು ನಾನು. ಮನೆ ಹರಾಜಾಗಿರಲಿಲ್ಲ, ಗೋಡೆ ಬಿದ್ದಿರಲಿಲ್ಲ, ಅಣ್ಣತಮ್ಮಂದಿರು ಪಾಲು ಕೇಳಿರಲಿಲ್ಲ; ಕೇಳುವುದಕ್ಕೆ ನನಗೆ ಅಣ್ಣತಮ್ಮಂದಿರೇ ಇಲ್ಲ. ನನ್ನನ್ನು ನನ್ನ ಮನೆಯಿಂದ ಹೊರಗೆ ಹಾಕಿದ್ದು ಒಂದು ನಕ್ಷತ್ರ. ಅದು ಆಕಾಶದಲ್ಲಿ ಎಲ್ಲಿದೆ ತೋರಿಸು ಅಂದರೆ ಇವತ್ತಿಗೂ ತೋರಿಸಲಾರೆ. ತನ್ನ ಪಾಡಿಗೆ ತಾನು ಮಿನುಗಿಕೊಂಡಿರುವ ಅದಕ್ಕೂ ಬ್ರೂಸ್‌ಪೇಟೆಯ ನಮ್ಮ ಓಣಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ಸಿರುಗುಪ್ಪದ ನಮ್ಮ ಸೋದರತ್ತೆಯ ಮುಂದೆ ಕೇಳಿ ಬನ್ನಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.

ನಡೆದದ್ದು ಇಷ್ಟು. ಎಪ್ಪತ್ತರ ದಶಕದ ಒಂದು ಮಾಘ ಮಾಸದಲ್ಲಿ ನಮ್ಮವ್ವ ತೀರಿಕೊಂಡಳು. ತುಂಬು ವಯಸ್ಸು, ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಬೆಳಗಿನ ಚಹಾ ಕುಡಿದು, ಹಾಲಿಗೆ ನೀರು ಬೆರೆಸಿದವನನ್ನು ಮನಸಾರೆ ಬೈದು, ಪಡಸಾಲೆಯ ಕಂಬಕ್ಕೆ ಒರಗಿ ಕೂತವಳು ಹಾಗೆಯೇ ಹೋಗಿಬಿಟ್ಟಳು. ಬೈಗುಳ ಇನ್ನೂ ಬಾಕಿಯಿದೆ ಎಂದುಕೊಂಡು ನಾವು ಸ್ವಲ್ಪ ಹೊತ್ತು ಸುಮ್ಮನೆ ಕಾದೆವು. ಇಂಥ ಸಾವು ಬೇಡಿದರೂ ಸಿಗುವುದಿಲ್ಲ ಎಂದು ಬಂದವರೆಲ್ಲ ಹೊಗಳಿದರು. ಅಷ್ಟರಲ್ಲಿ ಸಿರುಗುಪ್ಪದ ಬಸ್ಸಿನಿಂದ ಇಳಿದ ನಮ್ಮತ್ತೆ, ಅಂದರೆ ನಮ್ಮಪ್ಪನ ತಂಗಿ, ಅಳುತ್ತಲೇ ಒಳಗೆ ಬಂದಳು, ಅಳುತ್ತಲೇ ಅತ್ತಿಗೆಯ ಕಾಲು ಮುಟ್ಟಿದಳು, ಅಳುತ್ತಲೇ ನನ್ನ ಕಡೆ ತಿರುಗಿ ಕೇಳಿದಳು.

"ಯಾವ ನಕ್ಷತ್ರಪ?"

ಗೊತ್ತಿಲ್ಲ ಅಂದೆ. ಅಳು ಅಲ್ಲಿಗೆ ನಿಂತಿತು. ಪಂಚಾಂಗ ಬಂತು, ಪಂಚಾಂಗದ ಹಿಂದೆ ಮಠದ ಅಯ್ಯನವರು ಬಂದರು. ಕೃತ್ತಿಕಾ ನಕ್ಷತ್ರ ಎಂದು ತೀರ್ಮಾನವಾಯಿತು. ಕೆಲವು ನಕ್ಷತ್ರಗಳಲ್ಲಿ ಯಾರಾದರೂ ಸತ್ತರೆ ಆ ಮನೆಯವರು ಕೆಲವು ತಿಂಗಳು ಮನೆ ಬಿಟ್ಟು ಬೇರೆ ಕಡೆ ಇರಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಒಂದೊಂದು ನಕ್ಷತ್ರಕ್ಕೆ ಒಂದೊಂದು ಗಡುವು. ಕೃತ್ತಿಕೆಗೆ ಮೂರು ತಿಂಗಳು. ಹಾಗೆ ನೋಡಿದರೆ ನಮ್ಮದು ಹುಟ್ಟು ಸಾವುಗಳಿಗೆ ಮೈಲಿಗೆಯಿಲ್ಲ ಎಂದು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುವ ಶೈವರ ಮನೆತನ. ನಾನು ಅದನ್ನು ಅತ್ತೆಗೆ ನೆನಪಿಸಿದೆ. "ಮೈಲಿಗಿ ಬ್ಯಾರೆ, ನಕ್ಷತ್ರ ಬ್ಯಾರೆ" ಎಂದಳು. ಅವಳ ದನಿಯಲ್ಲಿದ್ದ ಖಚಿತತೆ ನಮ್ಮ ನೀರಾವರಿ ಕಚೇರಿಯ ದೊಡ್ಡ ಸಾಹೇಬರ ಆದೇಶದಲ್ಲೂ ನಾನು ಕಂಡಿಲ್ಲ. ಅಲ್ಲಿ ಗುಮಾಸ್ತನಾಗಿ ಆದೇಶ ಪಾಲಿಸುವುದನ್ನು ಕಲಿತಿದ್ದ ನಾನು ಇದನ್ನೂ ಪಾಲಿಸಲು ಒಪ್ಪಿದೆ.

ಒಪ್ಪಿದ ಮೇಲೆ ನೆನಪಾಯಿತು. ಅವ್ವನಿಗೆ ನಾನೊಂದು ಮಾತು ಕೊಟ್ಟಿದ್ದೆ.

ನಮ್ಮ ಮನೆ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿತ್ತು. ಹೀಗಾಗಿ ಕೋರ್ಟು, ದವಾಖಾನೆ, ಹತ್ತಿ ಮಾರ್ಕೆಟ್ಟು ಎಂದು ಬಳ್ಳಾರಿಗೆ ಬಂದ ಬಾದನಹಟ್ಟಿಯವರು, ರೂಪನಗುಡಿಯವರು ಸೀದಾ ನಮ್ಮ ಪಡಸಾಲೆಗೆ ಬಂದು ಗಂಟು ಇಳಿಸುತ್ತಿದ್ದರು. ಬಂಧುಗಳೆಂದಲ್ಲ. ಅವ್ವನ ತವರು ಬಾದನಹಟ್ಟಿ. ಆ ಊರಿನ ನಾಯಿ ಬಂದಿದ್ದರೂ ಅವಳು ಅಣ್ಣ ಬಂದ ಎನ್ನುತ್ತಿದ್ದಳು. ರೂಪನಗುಡಿಯವರು ಯಾವ ಲೆಕ್ಕದಲ್ಲಿ ಬರುತ್ತಿದ್ದರೋ ನನಗೆ ತಿಳಿಯದು, ಪ್ರಾಯಶಃ ಬಾದನಹಟ್ಟಿಯವರನ್ನು ನೋಡಿ ಕಲಿತಿರಬೇಕು. ಯಾರೇ ಬರಲಿ, ಕಾಲು ತೊಳೆಯಲು ನೀರು, ಕುಡಿಯಲು ಮಜ್ಜಿಗೆ, ಒರಗಲು ಕಂಬ. ಬೀದಿ ಬಾಗಿಲಿಗೆ ಒಳಗಿನಿಂದ ಹಾಕುವ ಮರದ ಅಗಳಿಯೊಂದು ಇತ್ತು, ಅದು ರಾತ್ರಿಗೆ ಮಾತ್ರ. ಹೊರಗಡೆ ಬೀಗ ಹಾಕಲು ಕೊಂಡಿಯೇ ಇರಲಿಲ್ಲ. ಬೀಗ ಎಂಬ ವಸ್ತುವೇ ಮನೆಯಲ್ಲಿರಲಿಲ್ಲ.

ಹೋಗುವ ಕೆಲವು ದಿನ ಮೊದಲು ಅವ್ವ ನನ್ನನ್ನು ಹತ್ತಿರ ಕೂಡಿಸಿಕೊಂಡು ಹೇಳಿದ್ದಳು. "ನಾ ಹೋದಮ್ಯಾಲೆ ಅಳ್ರಿ, ಬಿಡ್ರಿ, ಅದು ನಿಮಗ ಬಿಟ್ಟದ್ದು. ಬಾಗಲಿಗೆ ಮಾತ್ರ ಬೀಗ ಹಾಕಬ್ಯಾಡ್ರಿ. ದವಾಖಾನಿಗೆ ಬಂದೋರು ಬೀಗ ನೋಡಿ ಹೊಳ್ಳಿ ಹೋದ್ರ ನನಗ ಅಲ್ಲಿ ಹೆಂಗ ನಿದ್ದಿ ಬರತೈತಿ?" ಹಾಕೋದಿಲ್ಲವ್ವ ಎಂದು ನಾನು ನಕ್ಕು ಹೇಳಿದ್ದೆ. ಎಂದೂ ಬೀಗ ಹಾಕದ ಮನೆಗೆ ಬೀಗ ಹಾಕುವುದಿಲ್ಲ ಎಂದು ಮಾತು ಕೊಡಲು ಯಾರಿಗೆ ಕಷ್ಟ? ಈಗ ನೋಡಿದರೆ ಅವಳು ಒಂದು ಕಡೆ ಬೀಗ ಬೇಡ ಎಂದು ಹೇಳಿ, ಇನ್ನೊಂದು ಕಡೆ ಕೃತ್ತಿಕಾ ನಕ್ಷತ್ರವನ್ನು ಆರಿಸಿಕೊಂಡು ಹೋಗಿದ್ದಳು. ಮನೆ ಬಿಡಬೇಕು, ಬೀಗ ಹಾಕಬಾರದು. ಮೂರು ತಿಂಗಳು ಮನೆಯನ್ನು ಬಾಗಿಲು ತೆರೆದು ಬಿಟ್ಟುಹೋದರೆ, ತಿರುಗಿ ಬರುವಾಗ ಕಂಬಗಳಾದರೂ ಇರುತ್ತವೆಯೇ ಎಂದು ಹೇಳುವಂತಿರಲಿಲ್ಲ.

ನನ್ನ ಹೆಂಡತಿ ನೀಲಮ್ಮ ಕುರುಗೋಡಿನವಳು. ಸುದ್ದಿ ಕೇಳಿ ಬಂದಿದ್ದ ಮಾವನವರು, ಎಲ್ಲರೂ ಕುರುಗೋಡಿಗೇ ಬಂದುಬಿಡಿ, ನಮ್ಮ ಮನೆ ನಿಮ್ಮದಲ್ಲವೇ ಎಂದರು. ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ, ನನಗೂ ಕಚೇರಿ ಇದೆ ಎಂದು ತಪ್ಪಿಸಿಕೊಂಡೆ. ನಿಜವಾದ ಕಾರಣ ಬೇರೆ, ಅದನ್ನು ನಿಮಗೆ ಹೇಳುತ್ತೇನೆ. ಅದು ಪುರಾಣದಲ್ಲಿದೆ. ಚಂದ್ರನಿಗೆ ಇಪ್ಪತ್ತೇಳು ಹೆಂಡಿರು, ಅವರೇ ಈ ನಕ್ಷತ್ರಗಳು. ದಿನಕ್ಕೊಬ್ಬಳ ಮನೆಯಂತೆ ತಿರುಗುವುದು ಅವನ ಬದುಕು. ಅಲ್ಪಾವಧಿಯ ಬಾಡಿಗೆದಾರರ ಕುಲಕ್ಕೆ ಅವನೇ ಮೂಲಪುರುಷ. ಒಂದೇ ದಿನ ಯಾಕ್ರೀ ಎಂದು ಅವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂಥವನು ರೋಹಿಣಿಯ ಮನೆಯಲ್ಲಿ ಗಡುವು ಮೀರಿ ಕೂತುಬಿಟ್ಟ. ಮಾವ ದಕ್ಷನಿಗೆ ಸಿಟ್ಟು ಬಂದು, ಕ್ಷಯ ಹಿಡಿದು ಸವೆದು ಹೋಗು ಎಂದು ಶಾಪ ಕೊಟ್ಟ. ಅಳಿಯ ದೇವರೇ ಆದರೂ ಮಾವನ ತಾಳ್ಮೆಗೆ ಒಂದು ಮಿತಿ ಇರುತ್ತದೆ ಎಂದು ನಾನು ಇದರಿಂದ ತಿಳಿದುಕೊಂಡಿದ್ದೆ. ನಮ್ಮ ಮಾವನವರು ಶಾಪ ಕೊಡುವಷ್ಟು ದೊಡ್ಡವರಲ್ಲ, ಆದರೆ ಊಟದ ಹೊತ್ತಿಗೆ ಸರಿಯಾಗಿ ನಿಟ್ಟುಸಿರು ಬಿಡುವ ಅಭ್ಯಾಸ ಅವರಿಗಿತ್ತು.

ಆದ್ದರಿಂದ ಬಳ್ಳಾರಿಯಲ್ಲೇ ಮನೆ ಹುಡುಕಲು ಹೊರಟೆ. ಕಂಟೋನ್ಮೆಂಟಿನಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು. ಬಿಳಿಯರು ದಂಡು ಇಟ್ಟುಕೊಂಡಿದ್ದ ಜಾಗ ಅದು. ಅಗಲವಾದ ರಸ್ತೆ, ದೊಡ್ಡ ದೊಡ್ಡ ಕಾಂಪೌಂಡು, ಬೇವಿನ ಮರಗಳು. ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿ ಸೀನಿದರೆ ಎದುರು ಮನೆಯವರು ಏನಾತು ಎಂದು ಕೇಳುತ್ತಾರೆ. ಇಲ್ಲಿ ಒಂದು ಮನೆ ಹತ್ತಿ ಉರಿದರೂ ಪಕ್ಕದ ಮನೆಗೆ ಸುದ್ದಿ ತಲುಪಲು ಜಟಕಾ ಮಾಡಿಕೊಂಡು ಹೋಗಬೇಕು. ಇಂಥ ಕಡೆ ನಮ್ಮ ನಕ್ಷತ್ರವನ್ನು ಯಾರು ವಿಚಾರಿಸುತ್ತಾರೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮೊದಲನೆಯ ಮನೆಯ ಮಾಲೀಕರು ನಿವೃತ್ತ ಅಧಿಕಾರಿ. ಕುರ್ಚಿ ಹಾಕಿಸಿ ಕೂಡಿಸಿದರು, ನೀರು ತರಿಸಿದರು. "ಎಷ್ಟು ದಿನಕ್ಕ ಬೇಕ್ರಿ?" ಎಂದರು. ಮೂರು ತಿಂಗಳು ಎಂದೆ. "ಮೂರೇ ತಿಂಗಳು ಯಾಕ್ರಿ?" ಎಂದರು. ಸುಳ್ಳು ಹೇಳಲು ಅಭ್ಯಾಸವಿಲ್ಲದ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಕೃತ್ತಿಕಾ ಎಂಬ ಪದ ನನ್ನ ಬಾಯಿಂದ ಹೊರಬೀಳುವುದಕ್ಕೂ ಅವರು ಕುರ್ಚಿಯಿಂದ ಏಳುವುದಕ್ಕೂ ಸರಿಹೋಯಿತು. ಪಾಪ, ಸಭ್ಯರು. ಗೇಟಿನ ತನಕ ಬಂದು ಬೀಳ್ಕೊಟ್ಟರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ನಾನು ಕೂತಿದ್ದ ಕುರ್ಚಿಯನ್ನು ಅಂಗಳಕ್ಕೆ ತಂದು ತೊಳೆಯುತ್ತಿದ್ದರು.

ಎರಡನೆಯ ಮನೆಯಲ್ಲಿ ಸುಳ್ಳು ಹೇಳಿದೆ. ನಮ್ಮ ಮನೆಯ ಮಾಳಿಗೆ ಸೋರುತ್ತಿದೆ, ರಿಪೇರಿ ಮಾಡಿಸಬೇಕು ಎಂದೆ. ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿರುವಾಗ ಬಳ್ಳಾರಿಯಲ್ಲಿ ಸೋರುವ ಮಾಳಿಗೆಯನ್ನು ಕಂಡು ಮನೆಯವರಿಗೆ ಆನಂದವಾಯಿತು. ಯಾರು ಗೌಂಡಿ, ಏನು ಹಾಕಿಸುತ್ತೀರಿ, ನಮ್ಮ ಮಾಳಿಗೆಯೂ ಹಾಗೇ ಆಗಿದೆ, ನಾಳೆ ನಿಮ್ಮ ಮನೆಗೆ ಬಂದು ಕೆಲಸ ನೋಡುತ್ತೇನೆ ಎಂದು ಬೆನ್ನು ಬಿದ್ದರು. ಅಲ್ಲಿಂದಲೂ ಹೊರಟೆ. ಮೂರನೆಯ ಮನೆಯ ಗಟ್ಟಿ ಮುದುಕಿ ತೆಲುಗಿನವರು. ಮೂರು ತಿಂಗಳು ಎನ್ನುತ್ತಲೇ ಮುಖವನ್ನೂ ನೋಡದೆ "ಏ ನಕ್ಷತ್ರಂ?" ಎಂದು ಕೇಳಿಬಿಟ್ಟರು. ಆಗ ನನಗೆ ವಿಷಯ ಅರ್ಥವಾಯಿತು. ವರ್ಗವಾಗಿ ಬಂದವರು ವರ್ಷಗಟ್ಟಲೆಗೆ ಮನೆ ಕೇಳುತ್ತಾರೆ, ಮದುವೆಗೆ ಬಂದವರು ನಾಲ್ಕು ದಿನಕ್ಕೆ ಕೇಳುತ್ತಾರೆ. ಮೂರು ತಿಂಗಳಿಗೆ ಕೇಳುವವನ ಮನೆಯಲ್ಲಿ ಹೆಣ ಬಿದ್ದಿದೆ ಎಂದು ಇಡೀ ಬಳ್ಳಾರಿಗೆ ಗೊತ್ತಿತ್ತು. ಗೊತ್ತಿರದವನು ನಾನೊಬ್ಬನೇ.

ಕೊನೆಗೆ ಹೋದದ್ದು ಹುಸೇನ್ ಸಾಬರ ಹತ್ತಿರ. ಹತ್ತಿ ಹಿಂಜಿ ಗಾದಿ ಹೊಲಿಯುವವರು. ಬಳ್ಳಾರಿಯ ಒಳ್ಳೊಳ್ಳೆಯ ಮನೆಗಳ ನಿದ್ದೆಯೆಲ್ಲ ಅವರ ಕೈಯಿಂದಲೇ ಬಂದದ್ದು. ಕಂಟೋನ್ಮೆಂಟಿನ ಅಂಚಿನಲ್ಲಿ ಅವರ ಮನೆ, ಮನೆಯ ಹಿಂದೆ ಎರಡು ಕೋಣೆಯ ಒಂದು ಖಾಲಿ ಮನೆ. ನಾನು ಹೋದಾಗ ಅಲ್ಲಿ ಆಗಲೇ ಒಬ್ಬರು ಕೂತಿದ್ದರು. ತೆಳ್ಳಗಿನ ಮೈ, ಗುಂಡಿ ಹಾಕಿದ ಕಾಲರು, ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಉಸಿರಾಡಿದರೂ ಗೊಂಚಲು ಸದ್ದು ಮಾಡುತ್ತಿತ್ತು. ಅವರು ಗಾದಿಲಿಂಗಪ್ಪ, ಪೇಟೆಯಲ್ಲಿ ಕಬ್ಬಿಣದ ಸಾಮಾನು, ಬೀಗ, ಮೊಳೆ ಮಾರುವ ಅಂಗಡಿಯವರು. ಅವರ ತಂದೆ ಪಂಪಾಪತೆಪ್ಪ ನಮ್ಮವ್ವ ಹೋದ ಮಾರನೆಯ ದಿನ ತೀರಿಕೊಂಡಿದ್ದರು. ಕೃತ್ತಿಕೆಯ ಮಾರನೆಯ ದಿನ ರೋಹಿಣಿ. ರೋಹಿಣಿಗೆ ನಾಲ್ಕು ತಿಂಗಳು. ಅವರಿಗೂ ಕಂಟೋನ್ಮೆಂಟಿನಲ್ಲಿಯೇ ದೊಡ್ಡ ಮನೆಯಿತ್ತು, ಅವರೂ ಊರೆಲ್ಲ ತಿರುಗಿ ಸುಸ್ತಾಗಿ ಬಂದಿದ್ದರು.

ಹುಸೇನ್ ಸಾಬರು ನಮ್ಮಿಬ್ಬರನ್ನೂ ನೋಡಿದರು. "ಇರೋದು ಒಂದ ಮನಿ. ಇವರಿಗೆ ಕೊಟ್ರ ನಿಮಗ ಸಿಟ್ಟು, ನಿಮಗ ಕೊಟ್ರ ಇವರಿಗೆ ಸಿಟ್ಟು. ಇಬ್ಬರ ಮನಿ ಗಾದಿನೂ ನಾನ ಹೊಲೀಬೇಕು" ಎಂದರು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಅಲ್ರಿ, ನಿಮಗ ಅವರ ಮನಿ ಬ್ಯಾಡ ಅಂತ ಯಾವ ಚುಕ್ಕಿ ಹೇಳೇತಿ? ಅವರಿಗೆ ನಿಮ್ಮ ಮನಿ ಬ್ಯಾಡ ಅಂತ ಯಾವುದು ಹೇಳೇತಿ? ನೀವು ಅವರ ಮನಿಗೆ ಹೋಗ್ರಿ, ಅವರು ನಿಮ್ಮ ಮನಿಗೆ ಹೋಗಲಿ. ನನ್ನ ಮನಿ ನನಗ ಇರಲಿ. ಮಗಳು ಬಾಣಂತನಕ್ಕ ಬರತಾಳ" ಎಂದರು.

ನಾನೂ ಗಾದಿಲಿಂಗಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ಸುಲಭದ ವಿಚಾರ ನಮಗೆ ಹೊಳೆಯದಂತೆ ಮಾಡಿದ್ದೂ ಆ ನಕ್ಷತ್ರಗಳೇ ಇರಬೇಕು. ನನಗಂತೂ ಎದೆಯ ಮೇಲಿನ ಕಲ್ಲು ಇಳಿಯಿತು. ಬಾಡಿಗೆ ಮನೆ ಸಿಕ್ಕಿತೆಂದಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಇರುತ್ತಾರೆ, ಬಾಗಿಲಿಗೆ ಬೀಗ ಬೀಳುವುದಿಲ್ಲ, ಅವ್ವನಿಗೆ ಕೊಟ್ಟ ಮಾತು ಉಳಿಯುತ್ತದೆ ಎಂದು.

ಅಯ್ಯನವರನ್ನು ಕೇಳಿದೆವು. ದೋಷ ಇರುವುದು ಸತ್ತವರ ಮನೆಯವರಿಗೆ, ಗೋಡೆಗಲ್ಲ, ಬೇರೆಯವರು ಇರಬಹುದು ಎಂದರು. ಅತ್ತೆ ಮಾತ್ರ ಬಗ್ಗಲಿಲ್ಲ. "ಎರಡು ದೋಷ ಕೂಡಿದ್ರ ದೊಡ್ಡ ದೋಷ ಆಗತೈತಿ, ಯಾರಿಗೆ ಹೇಳಾಕ ಬಂದೀರಿ?" ಎಂದು ಪಟ್ಟು ಹಿಡಿದಳು. ಅವತ್ತು ಹಳೆಯ ಗಾದಿ ಒಯ್ಯಲು ಬಂದಿದ್ದ ಹುಸೇನ್ ಸಾಬರು ಬಾಗಿಲಲ್ಲೇ ನಿಂತು ಹೇಳಿದರು. "ಅಮ್ಮಾ, ನಿಮ್ಮ ದೋಷ ಈ ಮನಿಯಾಗ ಐತಿ, ಅವರದು ಆ ಮನಿಯಾಗ ಐತಿ. ಮನಿ ಬದಲಿ ಮಾಡೋರು ಮಂದಿ. ದೋಷ ಜಟಕಾ ಹತ್ತಿ ತಿರುಗಾಡಂಗಿಲ್ಲ." ಅತ್ತೆ ಯೋಚನೆ ಮಾಡಿದಳು. ಉತ್ತರ ಸಿಗಲಿಲ್ಲವಾದ್ದರಿಂದ ಸಿರುಗುಪ್ಪಕ್ಕೆ ಹೋದಳು.

ಹೀಗೆ ನಾವು ಕಂಟೋನ್ಮೆಂಟಿನವರಾದೆವು. ಪಂಪಾಪತೆಪ್ಪನವರು ಜೀವನವಿಡೀ ಬೀಗ ಮಾರಿದವರು, ಮಾರಿದ್ದನ್ನು ಮನಸಾರೆ ನಂಬಿದವರು. ಗೇಟಿಗೆ ಬೀಗ, ಬಾಗಿಲಿಗೆ ಬೀಗ, ಬಾಗಿಲ ಒಳಗಿನ ಬಾಗಿಲಿಗೆ ಬೀಗ. ಸಕ್ಕರೆ ಡಬ್ಬಿಗೆ ಕೊಂಡಿ ಕೂಡಿಸಿ ಬೀಗ. ಪಡಸಾಲೆಯಲ್ಲಿ ಒಂದು ಒಳ್ಳೆಯ ತೂಗುಮಣೆ ಇತ್ತು. ಮೊಮ್ಮಕ್ಕಳು ತೂಗಿ ಸರಪಳಿ ಸವೆಸುತ್ತಾರೆ ಎಂದು ಅದನ್ನೂ ಗೋಡೆಯ ಗೂಟಕ್ಕೆ ಸೇರಿಸಿ ಬೀಗ ಜಡಿದಿದ್ದರು. ಗಾದಿಲಿಂಗಪ್ಪ ಕೊಟ್ಟುಹೋದ ಗೊಂಚಲಿನಲ್ಲಿ ಆ ಬೀಗದ ಕೈ ಯಾವುದೆಂದು ಹುಡುಕುವುದೇ ನಮ್ಮ ಮಕ್ಕಳಿಗೆ ಪರೀಕ್ಷೆಯ ಓದಿಗಿಂತ ದೊಡ್ಡ ವಿದ್ಯೆಯಾಯಿತು. ನಾನಂತೂ ಬೆಳಿಗ್ಗೆ ಎದ್ದು ಹಲ್ಲುಪುಡಿಯ ತನಕ ಹೋಗಿ ಮುಟ್ಟುವಷ್ಟರಲ್ಲಿ ಬೆವರಿರುತ್ತಿದ್ದೆ. ಸತ್ತ ಯಜಮಾನರನ್ನು ಒಮ್ಮೆಯೂ ನೋಡಿರದ ನಾನು ಅವರನ್ನು ದಿನಕ್ಕೆ ಹತ್ತು ಸಲ ನೆನೆಯುತ್ತಿದ್ದೆ. ಏನೆಂದು ನೆನೆಯುತ್ತಿದ್ದೆ ಎಂಬುದು ಇಲ್ಲಿ ಬೇಡ.

ಆದರೆ ನೀಲಮ್ಮ ಮೈಕೈ ತುಂಬಿಕೊಳ್ಳತೊಡಗಿದಳು. ಮಧ್ಯಾಹ್ನ ಮಲಗುತ್ತಿದ್ದಳು. ಸಂಜೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಏನೂ ಕೆಲಸವಿಲ್ಲದೆ, ರಸ್ತೆಯನ್ನು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಅವಳು ಗೇಟಿನ ಬೀಗ ಹಾಕಿ, ಹಾಕಿದ ಮೇಲೆ ಸುಮ್ಮನೆ ಒಮ್ಮೆ ಎಳೆದು ನೋಡಿ, ನಗುತ್ತ ಬರುವುದನ್ನು ಕಂಡೆ. ನನಗೆ ಸ್ವಲ್ಪ ಗಾಬರಿಯಾಯಿತು.

"ಯಾಕ ಅಷ್ಟು ಖುಷಿ?" ಎಂದೆ.

"ಯಾರೂ ಬರಂಗಿಲ್ಲಲ್ರಿ" ಎಂದಳು.

"ಅವ್ವ ಕೇಳಿಸಿಕೊಂಡ್ರ ಬೈತಾಳ."

"ಬೈಲಿ. ನಿಮ್ಮವ್ವನ ಬಾಗಲು ತೆರದಿತ್ತು, ಖರೆ. ಒಳಗ ನನ್ನ ಒಲಿ ಉರೀತಿತ್ತು. ಬಂದೋರು ಆಕೀನ ಹಾಡಿ ಹರಸಿ ಹೋಗತಿದ್ರು. ಮಜ್ಜಿಗಿ ಕಡೆದೋಳು ಯಾರು ಅಂತ ಒಬ್ಬರರ ಒಳಗ ಹಣಿಕಿ ನೋಡ್ಯಾರೇನು? ನೀವರ ನೋಡೀರೇನು?"

ನಾನು ನೋಡಿರಲಿಲ್ಲ. ಮಜ್ಜಿಗೆ ಪಡಸಾಲೆಗೆ ತಾನಾಗಿಯೇ ಬರುತ್ತದೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ನಕ್ಷತ್ರ ನಂಬುವ ಅತ್ತೆಯನ್ನು ಆಡಿಕೊಂಡು ನಗುತ್ತಿದ್ದ ನನ್ನ ನಂಬಿಕೆ ಇದು. ಅವಳ ಮಾತು ಚುರುಕ್ಕೆಂದಿತು, ಸುಳ್ಳು ಹೇಳುವುದಿಲ್ಲ. ಅವ್ವನ ಮನೆಗೆ ಬೀಗ ಬೀಳಬಾರದು ಎಂದು ಊರೆಲ್ಲ ಓಡಾಡಿದ ನಾನು, ಈಗ ತಿರುಗಿ ಆ ಮನೆಗೆ ಹೋಗೋಣ ಎಂದು ಇವಳಿಗೆ ಹೇಗೆ ಹೇಳುವುದು ಎಂದು ಯೋಚಿಸುವಂತಾಯಿತು.

ಮೂರು ತಿಂಗಳು ಮುಗಿಯುತ್ತ ಬಂದಾಗ ಒಂದು ಭಾನುವಾರ ಗಾದಿಲಿಂಗಪ್ಪ ಬಂದರು. ನಡುವೆ ಅವರನ್ನು ಒಂದೆರಡು ಸಲ ಪೇಟೆಯಲ್ಲಿ ಕಂಡಿದ್ದೆ, ಏನಪ್ಪಾ ಹೇಗಿದೆ ಅಂದರೆ ಐತಿ ಅನ್ನುವುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ಅವತ್ತು ಅವರ ಕಾಲರಿನ ಗುಂಡಿ ಬಿಚ್ಚಿತ್ತು. ತಮ್ಮ ಮನೆಗೆ ಒಳಗೆ ಬರುವಂತಿಲ್ಲವಾದ್ದರಿಂದ ಗೇಟಿನ ಹೊರಗೆ ಬೇವಿನ ನೆರಳಿಗೆ ಕೂತರು. ನಾನೂ ನೀಲಮ್ಮನೂ ಗೇಟಿನ ಒಳಗೆ ಕೂತೆವು. ಮನೆಯ ಯಜಮಾನ ಬೀದಿಯಲ್ಲಿ, ಬಾಡಿಗೆದಾರರು ಕಾಂಪೌಂಡಿನಲ್ಲಿ.

"ಮೊದಲನೇ ದಿನ ಅಂಗಡಿಯಾಗಿನ ದೊಡ್ಡ ಬೀಗ ತಗೊಂಡು ಹೋದೆ ನೋಡ್ರಿ ನಿಮ್ಮ ಮನಿಗೆ. ಹಾಕಾಕ ಕೊಂಡೀನ ಇಲ್ಲ! ಬೀಗ ತೊಡಿ ಮ್ಯಾಲ ಇಟಗೊಂಡು ಕಟ್ಟಿ ಮ್ಯಾಲ ಕುಂತೆ. ಅಷ್ಟರಾಗ ಯಾರೋ ರೂಪನಗುಡಿಯಾವ ಬಂದ. ನನ್ನ ಕೇಳಲಿಲ್ಲ, ಬಿಡಲಿಲ್ಲ, ಕಾಲು ತೊಳಕೊಂಡ, ಒಳಗ ಹೋಗಿ ಕಂಬಕ್ಕ ಒರಗಿ ಮಲಗೇಬಿಟ್ಟ. ಅಂವ ಏಳೋ ತನಕ ನಾ ಅವನ ಪಕ್ಕ ಕಾವಲು ನಿಂತಿದ್ದೆ. ಎದ್ದಾವ ನನ್ನ ನೋಡಿ, ನಿಂತೇ ಅದೀಯಲ್ಲೋ ಮಾರಾಯ, ಕುಂದ್ರು ಅಂದ. ನನಗ!"

ಬರುವವರು ನಿಲ್ಲಲಿಲ್ಲವಂತೆ. ಒಂದು ವಾರ ಅವರ ಮನೆಯವರು ಹೆದರಿ ಒಳಕೋಣೆ ಸೇರಿದರಂತೆ. ಆಮೇಲೆ ನೀರು ಕೊಡದೆ ವಿಧಿಯಿಲ್ಲವೆಂದು ಗಾದಿಲಿಂಗಪ್ಪನೇ ಬಾಗಿಲ ಬಳಿ ಒಂದು ಗಡಿಗೆ ಇಟ್ಟರಂತೆ. ಬಿಸಿಲು ಏರಿದ ಮೇಲೆ ಬರಿ ನೀರು ಕೊಡಲು ಅವರಿಗೇ ನಾಚಿಕೆಯಾಗಿ ಮಜ್ಜಿಗೆ ಶುರುವಾಯಿತಂತೆ.

"ಹೋದ ತಿಂಗಳು ಬಾದನಹಟ್ಟಿಯಿಂದ ಒಬ್ಬಾಕಿ ಮುದುಕಿ ಬಂದ್ಲು. ಸೆರಗಿನಾಗ ಶೇಂಗಾ ಕಟಗೊಂಡು. ಅಕ್ಕ ಎಲ್ಲಿ ಅಂದ್ಲು. ಹೋದ್ರವ್ವ ಅಂದೆ. ನಾನ ನಿಮ್ಮವ್ವನ ಮಗ ಅಂತ ತಿಳಕೊಂಡ್ಲೋ ಏನೋ, ತೆಕ್ಕಿ ಹಾಕ್ಕೊಂಡು ಅಳಾಕ ಹತ್ತಿದ್ಲು. ನಾ ಅಲ್ಲವ್ವ, ನಾ ಬಾಡಿಗಿಯಾವ ಅನ್ನಬೇಕು. ಅನ್ನಾಕ ಬಾಯಿ ಬರಲಿಲ್ಲ." ಗಾದಿಲಿಂಗಪ್ಪ ಗೇಟಿನ ಹತ್ತಿರಕ್ಕೆ ಸರಿದು ಕೂತರು. "ನಮ್ಮಪ್ಪ ಹೋದಾಗ ನಾವು ಯಾರೂ ಅಳಲಿಲ್ರಿ. ಕಬಾಟಿನ ಬೀಗದ ಕೈ ಎಲ್ಲಿ ಇಟ್ಟಾನ ಅಂತ ಹುಡುಕೋದರಾಗ ದಿನ ಹೋತು. ಆವತ್ತು ಆ ಮುದುಕಿ ಜೋಡಿ ಕುಂತು ಅತ್ತೆ ನೋಡ್ರಿ. ನಿಮ್ಮವ್ವನ ಹೆಸರಿಲೆ ಅತ್ತೆ, ನಮ್ಮಪ್ಪನ ನೆನಸಿ ಅತ್ತೆ."

ನಮ್ಮವ್ವನಿಗಾಗಿ ಆ ಮುದುಕಿಯ ಜೊತೆ ಕೂತು ಅಳಬೇಕಾದವನು ನಾನು. ನಾನಿಲ್ಲಿ ಸಕ್ಕರೆ ಡಬ್ಬಿಯ ಬೀಗ ತೆಗೆಯುತ್ತಿದ್ದೆ. ಆದರೂ ಅವಳು ಬೀಗ ಕಂಡು ತಿರುಗಿ ಹೋಗಲಿಲ್ಲ, ಅಳಲು ಅವಳಿಗೊಂದು ಹೆಗಲು ಸಿಕ್ಕಿತು ಎಂಬುದು ನನಗೆ ದೊಡ್ಡ ಸಮಾಧಾನವಾಯಿತು. ಯಾರ ಹೆಗಲು ಎಂದು ಅವ್ವ ಲೆಕ್ಕ ಇಡುವವಳಲ್ಲ.

ಗಾದಿಲಿಂಗಪ್ಪ ಬಂದಿದ್ದ ವಿಷಯ ಬೇರೆಯೇ ಇತ್ತು. ನಮ್ಮ ಗಡುವು ಮುಗಿಯುತ್ತಿತ್ತು, ಅವರ ರೋಹಿಣಿ ಇನ್ನೂ ಒಂದು ತಿಂಗಳು ಬಾಕಿಯಿತ್ತು. ಅಲ್ಲಿ ತನಕ ಎಲ್ಲಿಗೆ ಹೋಗುವುದು? ಕೇಳಲು ಸಂಕೋಚಪಟ್ಟು ಬೆರಳು ಹಿಸುಕಿಕೊಳ್ಳುತ್ತಿದ್ದರು. ಅಲ್ಲೇ ಇರಿ, ನಾವೂ ಬಂದುಬಿಡುತ್ತೇವೆ, ಎಲ್ಲರೂ ಕೂಡಿ ಇರೋಣ ಎಂದು ಹೇಳಲು ನನ್ನ ಬಾಯಿ ತುದಿಗೆ ಬಂತು. ಆದರೆ ಈ ಸಲ ನಾನು ಮೊದಲು ನೀಲಮ್ಮನ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ, ಗಾದಿಲಿಂಗಪ್ಪನನ್ನು ನೋಡುತ್ತಿದ್ದಳು.

"ಅಣ್ಣಾರ, ಮಜ್ಜಿಗಿ ಯಾರು ಕಡೀತಾರ ಅಲ್ಲಿ?" ಎಂದು ಕೇಳಿದಳು.

"ನಾನ ಕಡೀತೀನವ್ವ. ಅಂಗಡಿಗೆ ಹೋಗೋಕಿಂತ ಮೊದಲ ಕಡೆದು ಇಟ್ಟು ಹೋಗತೀನಿ. ನಮ್ಮಾಕಿ ಖಡಾಖಂಡಿತ ಹೇಳಿಬಿಟ್ಲು, ಕರಕೊಂಡೋರು ನೀವು, ಕಡಿಯೋರು ನೀವು ಅಂತ."

ನೀಲಮ್ಮ ಮೆಲ್ಲಗೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ನಾನು ಅಂಗಿಯ ತೋಳು ಮಡಿಸಿದೆ.

ಆ ಒಂದು ತಿಂಗಳು ಎರಡೂ ಸಂಸಾರ ಅವ್ವನ ಮನೆಯಲ್ಲಿ ಕಳೆದೆವು. ಕಂಟೋನ್ಮೆಂಟಿನ ಮನೆ ಖಾಲಿ ಬಿತ್ತು. ಗಾದಿಲಿಂಗಪ್ಪನಿಗೆ ಇನ್ನೂ ಅಲ್ಲಿ ಕಾಲಿಡುವಂತಿರಲಿಲ್ಲ, ಆದ್ದರಿಂದ ಗೇಟಿನ ಹೊರಗೆ ನಿಂತು ಅವರು ಹೇಳುತ್ತ ಹೋದಂತೆ ನಾನು ಒಂದೊಂದೇ ಬೀಗ ಹಾಕುತ್ತ ಬಂದೆ; ಕೋಣೆ, ಕಬಾಟು, ಸಕ್ಕರೆ ಡಬ್ಬಿ, ಕೊನೆಗೆ ತೂಗುಮಣೆ. "ಒಂದೂ ಬಿಡಬ್ಯಾಡ್ರಿ, ಅಪ್ಪಗ ಖುಷಿ ಆಗಬೇಕು" ಎಂದರು. ನಾನು ಹಾಕಿ, ನೀಲಮ್ಮನ ಹಾಗೆ ಒಂದೊಂದನ್ನೂ ಎಳೆದು ನೋಡಿದೆ. ಹೀಗೆ ಸತ್ತವರಿಬ್ಬರಿಗೂ ಅವರವರ ಮನಸ್ಸಿನಂತೆ ಆಯಿತು. ಬದುಕಿದ್ದವರಲ್ಲಿ ನಾನೂ ಗಾದಿಲಿಂಗಪ್ಪನೂ ಬೆಳಗಿನ ಜಾವ ಎದ್ದು ಎದುರುಬದುರು ಕೂತು ಕಡಗೋಲು ಎಳೆಯುತ್ತಿದ್ದೆವು, ಹೆಂಗಸರಿಬ್ಬರೂ ಮಲಗಿರುತ್ತಿದ್ದರು. ಅತ್ತೆ ಒಮ್ಮೆ ಸಿರುಗುಪ್ಪದಿಂದ ಬಂದವಳು ಈ ನೋಟ ಕಂಡು, ಎರಡು ದೋಷ ಕೂಡಿದರೆ ಏನಾಗುತ್ತದೆ ಎಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದಳು.

ಗಾದಿಲಿಂಗಪ್ಪನವರು ತಮ್ಮ ಮನೆಗೆ ಹಿಂತಿರುಗಿ ಎಷ್ಟೋ ವರ್ಷಗಳಾದವು. ಈಗ ಬಳ್ಳಾರಿಯಲ್ಲಿ ಯಾರ ಮನೆಯಲ್ಲಿ ಕೆಟ್ಟ ನಕ್ಷತ್ರದ ಸಾವಾದರೂ ಹುಸೇನ್ ಸಾಬರು ನನ್ನ ಹತ್ತಿರ ಕಳಿಸುತ್ತಾರೆ. ನಾನು ಗಾದಿಲಿಂಗಪ್ಪನ ಅಂಗಡಿಯಲ್ಲಿ ಕೂತು ಇಂಥವರ ಮನೆಗೆ ಇಂಥವರು ಎಂದು ಹೊಂದಿಸಿ ಕೊಡುತ್ತೇನೆ. ನಮ್ಮ ಬಾಗಿಲು ಈಗಲೂ ತೆರೆದೇ ಇದೆ. ಬಾದನಹಟ್ಟಿಯವರು ಈಗ ಮಜ್ಜಿಗೆ ಕುಡಿದು ನನ್ನನ್ನು ಹರಸಿ ಹೋಗುತ್ತಾರೆ. ಉಪ್ಪು ಕಡಿಮೆ ಎನ್ನುವವರೂ ಇದ್ದಾರೆ.

ವಯಸ್ಸಾಯಿತು, ನನಗೂ ಒಂದು ನಕ್ಷತ್ರ ಕಾಯುತ್ತಿರಬೇಕು. ಮೊನ್ನೆ ಕಡಗೋಲು ಕೆಳಗಿಟ್ಟು ನೀಲಮ್ಮನಿಗೆ ಗಂಭೀರವಾಗಿ ಹೇಳಿದೆ. ನನ್ನದು ಯಾವ ನಕ್ಷತ್ರವಾದರೂ ಆಗಲಿ, ಅವ್ವ ಹೇಳಿದ ಹಾಗೆ, ಬಾಗಿಲಿಗೆ ಮಾತ್ರ ಬೀಗ ಹಾಕಬೇಡ ಎಂದೆ. ಅವಳು ಕಣ್ಣೀರು ಹಾಕುತ್ತಾಳೆ ಎಂದು ಕಾದೆ.

"ಹಾಕಂಗಿಲ್ಲ ಬಿಡ್ರಿ. ಆದ್ರ ಹೋಗೋಕಿಂತ ಮೊದಲ ಮಜ್ಜಿಗಿ ಕಡಿಯೋರು ಯಾರನ್ನರ ಹುಡುಕಿ ಇಟ್ಟು ಹೋಗ್ರಿ" ಎಂದಳು.

ಹುಡುಕುತ್ತಿದ್ದೇನೆ. ಅದಕ್ಕೆ ಹೋಲಿಸಿದರೆ ಮೂರು ತಿಂಗಳಿಗೆ ಬಾಡಿಗೆ ಮನೆ ಹುಡುಕಿದ್ದು ಎಷ್ಟೋ ಸುಲಭವಾಗಿತ್ತು. ಸಿಗುವ ತನಕ ಹೋಗುವಂತಿಲ್ಲ.